ಅಪ್‌ಡೇಟ್: ನಿವೃತ್ತಿಯಾದ ಮೇಲೆ ದಿನ ಕಳೆಯುವುದು ಹೇಗೆ ಅಂತ ಕೇಳಿದ್ದೆ

ದಿನವೆಲ್ಲ ಸುಮ್ನೆ ಕುರ್ಚಿಯಲ್ಲೇ ಕಳೆಯುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. 3 ವಾರವಾಯಿತು. ಗಂಟೆಗಂಟೆಗೂ ವೇಳಾಪಟ್ಟಿ ಹಾಕಿಕೊಳ್ಳುವುದು ನನಗೆ ಒಗ್ಗಲಿಲ್ಲ, 4 ದಿನಕ್ಕೇ ಬಿಟ್ಟೆ. ಕೈ ಹಿಡಿದದ್ದು "ನಡಿಗೆಗೆ ಜೊತೆಗೊಬ್ಬರನ್ನು ಹುಡುಕಿಕೊಳ್ಳಿ" ಅಂದವರ ಸಲಹೆ. ಪಕ್ಕದ ಮನೆಯವರು ಬೆಳಿಗ್ಗೆ ಗೇಟಿನ ಹತ್ತಿರ ಕಾಯುತ್ತಿದ್ದರೆ ಹೋಗದೆ ಇರಲು ಮನಸ್ಸು ಬರುವುದಿಲ್ಲ, ಅಲ್ವಾ? ವಾರಕ್ಕೆ 5 ದಿನ, ಅರ್ಧ ಗಂಟೆ ಚುರುಕಾಗಿ ನಡೆಯುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ ಕನಿಷ್ಠ 150 ನಿಮಿಷದ ವ್ಯಾಯಾಮ ಅಲ್ಲಿಗೇ ಆಗುತ್ತದೆ. ಹಾದಿಯಲ್ಲಿ ಮಾತೇ ಜಾಸ್ತಿ, ಅದೇ ನನಗೆ ಬೇಕಾಗಿದ್ದದ್ದು.

ಗೊತ್ತೇ ಇರದಿದ್ದ ಇನ್ನೊಂದು ವಿಷಯ: 65 ದಾಟಿದವರಿಗೆ ನಡಿಗೆಯೊಂದೇ ಸಾಲದು, ಬೀಳದಂತೆ ಸಮತೋಲನದ ವ್ಯಾಯಾಮವೂ ವಾರಕ್ಕೆ 3 ದಿನ ಬೇಕು. ಕುರ್ಚಿ ಹಿಡಿದು ಒಂಟಿಕಾಲಲ್ಲಿ ನಿಲ್ಲುತ್ತಿದ್ದೇನೆ. ಮೊದಲ ದಿನ 5 ಸೆಕೆಂಡ್, ಈಗ 20. ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.