ಹಾರಾಟದ ಲೆಕ್ಕಕ್ಕೆ ಪ್ರೋಗ್ರಾಮೆಬಲ್ ಕ್ಯಾಲ್ಕ್ಯುಲೇಟರ್ ಬೇಕೇ? – ಪ್ರಶ್ನೋತ್ತರ

ಪ್ರಶ್ನೆ (ಹಾಸನ, ಸಿಪಿಎಲ್ ಅಂದರೆ ವಾಣಿಜ್ಯ ಪೈಲಟ್ ಪರವಾನಗಿಯ ವಿದ್ಯಾರ್ಥಿನಿ): ಸರ್, ನಮಸ್ಕಾರ. ನ್ಯಾವಿಗೇಷನ್ ಪೇಪರಿಗೆ ಓದುತ್ತಿದ್ದೇನೆ. ಇ6ಬಿ ಡಿಸ್ಕಿನಲ್ಲಿ (ಕೈಯಲ್ಲಿ ತಿರುಗಿಸಿ ಲೆಕ್ಕ ಮಾಡುವ ತಟ್ಟೆ) ಗಾಳಿಯ ತ್ರಿಕೋನ (ಗಾಳಿಯನ್ನು ಸೇರಿಸಿ ದಿಕ್ಕು, ವೇಗ ತೆಗೆಯುವ ಲೆಕ್ಕ) ಬಿಡಿಸಲು ಬರುತ್ತದೆ, ಆದರೆ ನಿಧಾನ. ನನ್ನ ಹತ್ತಿರ ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್ ಇದೆ. ಇದು ಸಾಕೇ, ಪ್ರೋಗ್ರಾಮೆಬಲ್ ಒಂದನ್ನು ಕೊಳ್ಳಬೇಕೇ? ಹಾಸನದ ಮೇಲಿಂದ ಮಂಗಳೂರು ಏರ್‌ಪೋರ್ಟಿಗೆ 71 ನಾಟಿಕಲ್ ಮೈಲಿ, ಟ್ರ್ಯಾಕ್ (ನೆಲದ ಮೇಲಿನ ಹಾದಿಯ ದಿಕ್ಕು) 270, ಟಿಎಎಸ್ (ಗಾಳಿಯಲ್ಲಿ ವಿಮಾನದ ನಿಜವೇಗ) 100 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ), ಗಾಳಿ 240ರಿಂದ 20 ನಾಟ್ ಅಂತಿಟ್ಟುಕೊಂಡು ತೋರಿಸಿಕೊಡಿ.

ಉತ್ತರ (ನ್ಯಾವಿಗೇಷನ್ ಬೋಧಕ): ಕೊಳ್ಳಬೇಡಿ ಮೇಡಂ, ಇರುವುದೇ ಸಾಕು. ಪ್ರೋಗ್ರಾಮೆಬಲ್ ಯಂತ್ರಗಳ ಬಗ್ಗೆ ನನಗೆ ಗೌರವವಿದೆ. 1975ರ ಅಪೋಲೊ–ಸೊಯುಜ್ ಯಾನದಲ್ಲಿ ಗಗನಯಾತ್ರಿಗಳು ಎಚ್‌ಪಿ-65 ಅನ್ನು ಜೊತೆಗೆ ಒಯ್ದಿದ್ದರು. ಆದರೆ ನಿಮಗೆ ಬೇಕಿರುವುದು ಎರಡೇ ಸೂತ್ರ, ಅದಕ್ಕೆ ನಿಮ್ಮ ಯಂತ್ರದ ‘ಕ್ಯಾಲ್ಕ್’ ಕೀ ಇದೆ. ಪರೀಕ್ಷೆಗೆ ಯಾವುದನ್ನು ತರಬಹುದು ಎಂಬುದಕ್ಕೆ ಪ್ರವೇಶಪತ್ರದ ಸೂಚನೆಯೇ ಕೊನೆಯ ಮಾತು. ಪ್ರೋಗ್ರಾಂ ಇಲ್ಲದ ಯಂತ್ರದಲ್ಲಿ ಕೈ ಪಳಗಿಸಿಕೊಂಡರೆ ಆ ಚಿಂತೆ ಇರುವುದಿಲ್ಲ.

ಎ ಎಂದರೆ ಟ್ರ್ಯಾಕ್, ಬಿ ಟಿಎಎಸ್, ಸಿ ಗಾಳಿ ಬರುವ ದಿಕ್ಕು, ಡಿ ಗಾಳಿಯ ವೇಗ.

ಮೊದಲ ಸೂತ್ರ: ಸೈನ್ ಇನ್‌ವರ್ಸ್ (ಡಿ × ಸೈನ್(ಸಿ − ಎ) ÷ ಬಿ). ಹಾಗೇ ಟೈಪ್ ಮಾಡಿ ಕ್ಯಾಲ್ಕ್ ಒತ್ತಿ. ಒಂದೊಂದೇ ಅಕ್ಷರದ ಬೆಲೆ ಕೇಳುತ್ತದೆ. ಉತ್ತರ −5.74. ಮೈನಸ್ ಬಂದರೆ ಎಡಕ್ಕೆ, ಅಂದರೆ ಹೆಡಿಂಗ್ (ವಿಮಾನದ ಮೂತಿ ಇಡಬೇಕಾದ ದಿಕ್ಕು) 264. ಇದನ್ನು ಇ ಮೆಮೊರಿಗೆ ಹಾಕಿಕೊಳ್ಳಿ.

ಎರಡನೆಯದು: ಬಿ × ಕಾಸ್(ಇ) − ಡಿ × ಕಾಸ್(ಸಿ − ಎ). ಅಂದರೆ 99.5ರಲ್ಲಿ 17.3 ಕಳೆದು ಗ್ರೌಂಡ್ ಸ್ಪೀಡ್ (ನೆಲಕ್ಕೆ ಹೋಲಿಸಿದ ವೇಗ) 82.2 ನಾಟ್. 71 ಅನ್ನು 82.2ರಿಂದ ಭಾಗಿಸಿದರೆ 0.864 ಗಂಟೆ. ಇದನ್ನು 86 ನಿಮಿಷ ಎಂದು ಓದುವವರಿದ್ದಾರೆ! ಡಿಗ್ರಿ–ನಿಮಿಷ–ಸೆಕೆಂಡಿನ ಕೀ ಒತ್ತಿ, 51 ನಿಮಿಷ 50 ಸೆಕೆಂಡ್ ಎಂದು ತೋರಿಸುತ್ತದೆ.

264 ಟ್ರೂ ಹೆಡಿಂಗ್, ಅಂದರೆ ಭೂಮಿಯ ನಿಜ ಉತ್ತರದಿಂದ ಅಳೆದದ್ದು. ನಮ್ಮ ಕಡೆ ವೇರಿಯೇಷನ್ (ನಿಜ ಉತ್ತರಕ್ಕೂ ದಿಕ್ಸೂಚಿಯ ಉತ್ತರಕ್ಕೂ ಇರುವ ವ್ಯತ್ಯಾಸ) ಒಂದೆರಡು ಡಿಗ್ರಿ ಪಶ್ಚಿಮ, ಅದನ್ನು ಕೂಡಿಸಿ ಮ್ಯಾಗ್ನೆಟಿಕ್ ಮಾಡಿಕೊಳ್ಳಬೇಕು. ಏರ್‌ಪೋರ್ಟಿನ ಹವಾಮಾನ ವರದಿಯಾದ ಮೆಟಾರ್‌ನಲ್ಲಿ ಬರೆದು ಬರುವ ಗಾಳಿ ಟ್ರೂ, ಟವರ್ ಬಾಯಲ್ಲಿ ಹೇಳುವುದು ಮ್ಯಾಗ್ನೆಟಿಕ್.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಮಾಡಿ ನೋಡಿದೆ ಸರ್. ನನಗೆ ಡ್ರಿಫ್ಟ್ (ಮೊದಲ ಸೂತ್ರದ ಉತ್ತರ) 0.2, ಗ್ರೌಂಡ್ ಸ್ಪೀಡ್ 94.9 ಬರುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ (ನ್ಯಾವಿಗೇಷನ್ ಬೋಧಕ): ಯಂತ್ರ ರೇಡಿಯನ್‌ನಲ್ಲಿದೆ. ಶಿಫ್ಟ್, ಮೋಡ್, 3 ಒತ್ತಿ. ಪರದೆಯ ಮೇಲ್ತುದಿಯಲ್ಲಿ ಚಿಕ್ಕ ‘ಡಿ’ ಕಾಣಬೇಕು.

ಈ ತಪ್ಪಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. 94.9 ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಎದುರುಗಾಳಿ ಇದೆ, ನೂರಕ್ಕಿಂತ ಕಡಿಮೆ ಬಂದಿದೆ, ಸರಿಯೇ ಇರಬೇಕು ಅನ್ನಿಸುತ್ತದೆ. ಆ ವೇಗಕ್ಕೆ 45 ನಿಮಿಷ, ನಿಜಕ್ಕೆ 52. ಗಂಟೆಗೆ 23 ಲೀಟರ್ ಕುಡಿಯುವ ವಿಮಾನಕ್ಕೆ 2.7 ಲೀಟರ್ ಕಡಿಮೆ ಹಾಕಿಕೊಂಡಂತೆ. ಹಾದಿ ಉದ್ದವಾದಷ್ಟೂ ಈ ಕೊರತೆ ಬೆಳೆಯುತ್ತದೆ.

ಅದಕ್ಕೇ ಕೀ ಮುಟ್ಟುವ ಮೊದಲು ಬಾಯಿಲೆಕ್ಕ. ಗಾಳಿ ಟ್ರ್ಯಾಕಿಗೆ 30 ಡಿಗ್ರಿ ಓರೆ, ಅಂದರೆ ಅರ್ಧ ಅಡ್ಡಗಾಳಿ: 10 ನಾಟ್. ಅದನ್ನು ಟಿಎಎಸ್‌ನಿಂದ ಭಾಗಿಸಿ 60ರಿಂದ ಗುಣಿಸಿದರೆ 6 ಡಿಗ್ರಿ. ಎದುರುಗಾಳಿ ಸುಮಾರು 17, ಹಾಗಾಗಿ 83ರ ಆಸುಪಾಸು. ಯಂತ್ರ 0.2 ಎಂದ ಕೂಡಲೇ ತಪ್ಪು ಗೊತ್ತಾಗಿಬಿಡುತ್ತಿತ್ತು.

ಉತ್ತರ (ಇನ್ನೊಬ್ಬ ಬೋಧಕಿ): ಒಂದು ಮಾತು ಸೇರಿಸುತ್ತೇನೆ. ಕ್ಯಾಲ್ಕ್‌ನಲ್ಲಿ ಹಳೆಯ ಬೆಲೆಗಳು ಮೆಮೊರಿಯಲ್ಲೇ ಕೂತಿರುತ್ತವೆ. ಆಫ್ ಮಾಡಿ ಆನ್ ಮಾಡಿದರೆ ಸೂತ್ರ ಅಳಿಸಿಹೋಗುತ್ತದೆ, ಅಂಕಿಗಳು ಉಳಿಯುತ್ತವೆ. ಅವಸರದಲ್ಲಿ ಸುಮ್ಮನೆ ಈಕ್ವಲ್ ಒತ್ತುತ್ತಾ ಹೋದರೆ ಹಿಂದಿನ ಲೆಗ್ಗಿನ (ಹಾದಿಯ ಒಂದು ತುಂಡು) ಗಾಳಿಯೇ ಈ ಲೆಗ್ಗಿಗೂ ಬರುತ್ತದೆ. ನಾಲ್ಕೂ ಬೆಲೆಯನ್ನು ಪ್ರತಿ ಲೆಗ್ಗಿಗೂ ಹೊಸದಾಗಿ ಟೈಪ್ ಮಾಡಿ.

ದೂರವನ್ನು ಅಕ್ಷಾಂಶ–ರೇಖಾಂಶದಿಂದ ತೆಗೆಯುವವರು ನಿಮಿಷಗಳನ್ನು ದಶಮಾಂಶದಂತೆ ಹೊಡೆಯಬೇಡಿ. ಮಂಗಳೂರು ಏರ್‌ಪೋರ್ಟ್ 12 ಡಿಗ್ರಿ 57 ನಿಮಿಷ ಉತ್ತರ, 74 ಡಿಗ್ರಿ 53 ನಿಮಿಷ ಪೂರ್ವ. ಇದನ್ನು 12.57, 74.53 ಎಂದು ಹೊಡೆದರೆ ಕಾಸರಗೋಡಿನ ಪಶ್ಚಿಮಕ್ಕೆ, ಅರಬ್ಬಿ ಸಮುದ್ರದಲ್ಲಿ ಇಳಿಯುತ್ತೀರಿ. ಉತ್ತರ–ದಕ್ಷಿಣವೊಂದರಲ್ಲೇ ಸುಮಾರು 23 ನಾಟಿಕಲ್ ಮೈಲಿ ವ್ಯತ್ಯಾಸ.

ಪ್ರಶ್ನೆ (ಚಿಕ್ಕಮಗಳೂರು): ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ತೆಳುವಿಗೆ ತಕ್ಕ ಎತ್ತರ) ಕೂಡ ಹೀಗೇ ಕ್ಯಾಲ್ಕ್‌ನಲ್ಲಿ ಹಾಕಬಹುದಾ ಸರ್? ನಮ್ಮೂರಿನ ಎತ್ತರಕ್ಕೆ ಲೆಕ್ಕ ಕೊಡಿ.

ಉತ್ತರ (ನ್ಯಾವಿಗೇಷನ್ ಬೋಧಕ): ಧಾರಾಳವಾಗಿ. ಎತ್ತರ 3,500 ಅಡಿ, ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಇಳಿಸಿ ಹೇಳುವ ಗಾಳಿಯ ಒತ್ತಡ) 1008, ಬೇಸಿಗೆ ಮಧ್ಯಾಹ್ನ 33 ಡಿಗ್ರಿ ಎಂದುಕೊಳ್ಳಿ. ಪ್ರಮಾಣಿತ ಒತ್ತಡವಾದ 1013ಕ್ಕೆ 5 ಕಡಿಮೆ, ಒಂದಕ್ಕೆ 30 ಅಡಿಯಂತೆ 150 ಕೂಡಿಸಿ: ಪ್ರೆಷರ್ ಆಲ್ಟಿಟ್ಯೂಡ್ (ಒತ್ತಡಕ್ಕೆ ತಕ್ಕ ಎತ್ತರ) 3,650. ಆ ಎತ್ತರದಲ್ಲಿ ಪ್ರಮಾಣಿತ ವಾತಾವರಣದ, ಅಂದರೆ ಐಎಸ್‌ಎ ತಾಪಮಾನ 15ರಿಂದ ಸಾವಿರ ಅಡಿಗೆ 2ರಂತೆ ಇಳಿದು 7.7. ವ್ಯತ್ಯಾಸ 25.3, ಗುಣಿಲೆ 120, ಅಂದರೆ 3,036. ಒಟ್ಟು ಸುಮಾರು 6,700 ಅಡಿ. ಚಕ್ರ ಚಿಕ್ಕಮಗಳೂರಿನ ನೆಲದ ಮೇಲೇ ಇದ್ದರೂ ಎಂಜಿನ್, ಪ್ರೊಪೆಲರ್, ರೆಕ್ಕೆ ಮೂರಕ್ಕೂ ಸಿಗುವುದು ಮುಳ್ಳಯ್ಯನಗಿರಿಯ ತುದಿಗಿಂತ ಮೇಲಿನ ತೆಳುಗಾಳಿ.

ಸಾಮಾನ್ಯವಾಗಿ ಎಡವುವುದು 15 ಅನ್ನು ಇಳಿಸದೆ ಹಾಗೇ ಕಳೆಯುವುದರಲ್ಲಿ. ಹಾಗೆ ಮಾಡಿದರೆ 5,800 ಬರುತ್ತದೆ, 900 ಅಡಿ ಕಡಿಮೆ. ಟೇಕಾಫ್ ಚಾರ್ಟಿನಲ್ಲಿ ಈ 900 ಅಡಿ ಸಣ್ಣದಲ್ಲ.

ಪ್ರಶ್ನೆ (ಹಾಸನ): ಫೋನ್, ಟ್ಯಾಬ್ ಆ್ಯಪ್‌ಗಳು ಎಲ್ಲವನ್ನೂ ಮಾಡುತ್ತವಲ್ಲ, ಅವನ್ನೇ ಕಾಕ್‌ಪಿಟ್‌ಗೆ ಒಯ್ದರೆ?

ಉತ್ತರ (ಇನ್ನೊಬ್ಬ ಬೋಧಕಿ): ಒಯ್ಯಿರಿ, ಅದೊಂದನ್ನೇ ನಂಬಿಕೊಂಡು ಬೇಡ. ವಿಂಡ್‌ಷೀಲ್ಡ್ ಕೆಳಗಿನ ಬಿಸಿಲಿನಲ್ಲಿಟ್ಟ ಟ್ಯಾಬ್ ಕಾದು ತಾನಾಗಿ ಆಫ್ ಆಗುತ್ತದೆ, ಅದೂ ಬೇಕಾದ ಹೊತ್ತಿಗೆ. ಪೋಲರೈಸ್ಡ್ ತಂಪು ಕನ್ನಡಕ ಹಾಕಿದ್ದರೆ ಪರದೆ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತದೆ. ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ, ಅಡ್ಡಕ್ಕೆ ತಿರುಗಿಸಿ ನೋಡಿ. ಇನ್ನು ಕ್ಯಾಲ್ಕ್ಯುಲೇಟರಿಗೆ ಬೆಟ್ಟ ಗೊತ್ತಿಲ್ಲ: ನಿಮ್ಮ 270ರ ಗೆರೆ ಸಕಲೇಶಪುರ ದಾಟಿ ಘಟ್ಟದ ಮೇಲೆ ಹೋಗುತ್ತದೆ, ಪಶ್ಚಿಮದ ಗಾಳಿ ಜೋರಿದ್ದಾಗ ಏಣಿನ ಪೂರ್ವದ ಮಗ್ಗುಲಲ್ಲಿ ಗಾಳಿ ಕೆಳಕ್ಕೆ ತಳ್ಳುತ್ತದೆ. ಎತ್ತರವನ್ನು ಮ್ಯಾಪ್ ನೋಡಿ ನೀವೇ ಇಟ್ಟುಕೊಳ್ಳಬೇಕು.

ಫೋನ್ ಸ್ಪೀಕರಿನಲ್ಲಿ, ಮಡಚುವ ಕವರಿನಲ್ಲಿ ಅಯಸ್ಕಾಂತ ಇರುತ್ತದೆ. ದಿಕ್ಸೂಚಿಯ ಹತ್ತಿರ ಮೌಂಟ್ ಮಾಡಿದರೆ ಮುಳ್ಳು ಸರಿಯುತ್ತದೆ, ಆಗ ನೀವು ಬಿಡಿಸಿದ 264ಕ್ಕೆ ಬೆಲೆಯಿಲ್ಲ. ನೆಲದ ಮೇಲೆ ಎಂಜಿನ್ ಶುರು ಮಾಡುವ ಮುಂಚೆ ಫೋನನ್ನು ಹತ್ತಿರ ತಂದು, ದೂರ ಸರಿಸಿ, ದಿಕ್ಸೂಚಿ ಅಲ್ಲಾಡುತ್ತದೆಯೇ ನೋಡಿ. ಅಲ್ಲಾಡದ ಜಾಗದಲ್ಲೇ ಮೌಂಟ್ ಹಾಕಿ.