ಪವರ್ ವೀಡರ್ ಚೋಕ್ ತೆಗೆದರೆ ನಿಲ್ಲುತ್ತೆ, ಸರ್ವಿಸ್ ಮನೆಯಲ್ಲೇ ಮಾಡಬಹುದಾ?

ತೀರ್ಥಹಳ್ಳಿ_ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು 7 ಎಚ್‌ಪಿ ಪೆಟ್ರೋಲ್ ವೀಡರ್, ಫೋರ್ ಸ್ಟ್ರೋಕ್. ಅಡಿಕೆ ಸಸಿ ಸಾಲಿನ ಮಧ್ಯೆ ಕಳೆ ಹೊಡೆಯೋಕೆ, ಬಾಳೆ ಹಾಕುವ ಮುಂಚೆ ಮಣ್ಣು ಸಡಿಲ ಮಾಡೋಕೆ ಇಟ್ಟುಕೊಂಡಿದ್ದೇವೆ. ಮೃಗಶಿರಾ ಮಳೆ ಹಿಡಿದಾಗ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದು, ಹೊರಗೆ ತೆಗೆದಿದ್ದು ಚಿತ್ತಾ ಮಳೆ ಮುಗಿದ ಮೇಲೆ. ಟ್ಯಾಂಕಲ್ಲಿ ಹಳೇ ಪೆಟ್ರೋಲ್ ಅರ್ಧ ಇದೆ. ಚೋಕ್ ಹಾಕಿ ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತೆ, ಚೋಕ್ ತೆಗೆದ ತಕ್ಷಣ ಬುಸ್ ಅಂತ ನಿಲ್ಲುತ್ತೆ. ಅರ್ಧ ಚೋಕಲ್ಲಿ ಕೆಮ್ಮಿಕೊಂಡು ಓಡುತ್ತೆ, ಆದರೆ ಬ್ಲೇಡ್ ಮಣ್ಣಿಗೆ ಇಳಿಸಿದರೆ ದಮ್ ಇಲ್ಲ. ಸ್ಪಾರ್ಕ್ ಪ್ಲಗ್ ಹೊಸದು ಹಾಕಿದೆ, ಅದೇ ಕಥೆ. ಪೇಟೆಯ ಮೆಕ್ಯಾನಿಕ್ ಬಳಿ ಸೀಸನ್ ರಶ್ಶು, ಬಿಟ್ಟು ಹೋಗಿ ನೋಡೋಣ ಅಂತಾರೆ. ಮನೆಯಲ್ಲೇ ಏನೇನು ನೋಡಬಹುದು? ಹಾಗೇ ಮಾಮೂಲಿ ಸರ್ವಿಸ್ ಎಷ್ಟು ದಿನಕ್ಕೆ, ಯಾವುದು ಮೊದಲು ಅಂತ ಗೊತ್ತಿದ್ದವರು ಹೇಳಿ.

ಸ್ಪ್ಯಾನರ್_ಭಟ್ರು:
ಪ್ಲಗ್ ಅಲ್ಲ ಮಾರಾಯ್ರೇ, ಗಾಳಿಗೆ ಪೆಟ್ರೋಲ್ ಬೆರೆಸೋ ಕಾರ್ಬೊರೇಟರ್. ಚೋಕ್ ಗಾಳಿ ತಡೆದು ಪೆಟ್ರೋಲ್ ಪಾಲು ಜಾಸ್ತಿ ಮಾಡುತ್ತೆ. ಅದು ಹಾಕಿದಾಗ ಮಾತ್ರ ಓಡುತ್ತೆ ಅಂದರೆ ಪೆಟ್ರೋಲ್ ಸಾಕಾಗ್ತಿಲ್ಲ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಕಟ್ಟಿಕೊಂಡಿದೆ. ಈಗ ಬಂಕಲ್ಲಿ ಸಿಗೋದು ಎಥೆನಾಲ್ ಬೆರೆತ ಪೆಟ್ರೋಲ್, ಹೆಚ್ಚಿನ ಕಡೆ 20% ಬೆರೆತಿರುತ್ತೆ. ಎಥೆನಾಲ್ ಗಾಳಿಯ ತೇವ ಹೀರುತ್ತೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಇಟ್ಟರೆ ಕೇಳಬೇಕಾ, ನೀರಿನಂಶ ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಕಾರ್ಬೊರೇಟರಿನ ಬೌಲಲ್ಲಿ ಉಳಿದ ಪೆಟ್ರೋಲ್ ಆರಿ ಅಂಟು ಕಟ್ಟುತ್ತೆ.

ಹೀಗೆ ಮಾಡಿ. ಇಂಜಿನ್ ತಣ್ಣಗಿರಲಿ, ಬೀಡಿ ಸಿಗರೇಟು ದೂರ. ಟ್ಯಾಂಕಿನಿಂದ ಪೆಟ್ರೋಲ್ ಬರೋ ಕಾಕ್ ಬಂದ್ ಮಾಡಿ, ಕಾರ್ಬೊರೇಟರಿನ ಕೆಳಗಿನ ಬೌಲ್ ಒಂದೇ ಬೋಲ್ಟಲ್ಲಿ ಕೂತಿರುತ್ತೆ, ಕೆಳಗೆ ಡಬ್ಬ ಹಿಡಿದು ಬಿಚ್ಚಿ. ರಬ್ಬರ್ ರಿಂಗ್ ಹರಿಯದಂತೆ ನೋಡಿಕೊಳ್ಳಿ. ನಡುವಿನ ಕಂಬದ ಒಳಗೆ ಹಿತ್ತಾಳೆಯ ಮೇನ್ ಜೆಟ್ ಇರುತ್ತೆ, ಸರಿಯಾದ ಸೈಜಿನ ಸ್ಕ್ರೂಡ್ರೈವರಲ್ಲೇ ತಿರುಗಿಸಿ, ಇಲ್ಲಾಂದ್ರೆ ತಲೆ ಸವೆಯುತ್ತೆ. ಬೆಳಕಿಗೆ ಹಿಡಿದರೆ ಆಚೆ ಕಾಣಬೇಕು. ಗುಂಡುಪಿನ್ನು, ಸೈಕಲ್ ಕಡ್ಡಿ ತೂರಿಸಬೇಡಿ, ತೂತು ದೊಡ್ಡದಾದರೆ ಆಮೇಲೆ ಪೆಟ್ರೋಲ್ ಕುಡಿಯೋಕೆ ಶುರು ಮಾಡುತ್ತೆ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಅದಕ್ಕೂ ಬಿಡದಿದ್ದರೆ ವೈರಿನ ಒಳಗಿನ ತಾಮ್ರದ ಒಂದೇ ಎಳೆ ಸಾಕು. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆದು ಹೊಸದು ಹಾಕಿ.

ಕೋಲಾರ_ಟೊಮೆಟೊ:
ಭಟ್ರು ಹೇಳಿದ್ದು ಸರಿ. ಮಾಮೂಲಿ ಸರ್ವಿಸ್ ಬಗ್ಗೆ ನಾನು ಹೇಳ್ತೀನಿ, ನಮ್ಮ ಕಡೆ ನೀರಲ್ಲ, ಧೂಳು ಶತ್ರು.

ಏರ್ ಫಿಲ್ಟರ್ ದಿನಾ ಕೆಲಸಕ್ಕೆ ಮುಂಚೆ ಬಿಚ್ಚಿ ನೋಡಬೇಕು. ಮೆಷಿನ್ ಜೊತೆ ಬರೋ ಪುಸ್ತಕದಲ್ಲಿ 50 ಗಂಟೆಗೊಮ್ಮೆ ಕ್ಲೀನ್ ಅಂತ ಇರುತ್ತೆ, ಧೂಳಿನ ಜಾಗದಲ್ಲಿ ಅದು ಸಾಲಲ್ಲ. ಫೋಮ್ ಆದರೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಬರೀ ಫೋಮ್ ಇರೋ ಫಿಲ್ಟರಿಗೆ ಸ್ವಲ್ಪ ಇಂಜಿನ್ ಆಯಿಲಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಹಾಕಿ. ಪೇಪರ್ ಫಿಲ್ಟರ್ ಇದ್ದರೆ ನೀರು, ಆಯಿಲ್ ಎರಡೂ ಬೇಡ, ಮೆಲ್ಲಗೆ ತಟ್ಟಿ ಧೂಳು ಉದುರಿಸಿ, ಅದೂ ಕಪ್ಪಾದರೆ ಬದಲಾಯಿಸಿ. ಫಿಲ್ಟರ್ ಬಿಚ್ಚಿಟ್ಟು ಓಡಿಸುವವರನ್ನು ನೋಡಿದ್ದೇನೆ, ಪಿಕಪ್ ಜಾಸ್ತಿ ಬರುತ್ತಂತೆ! ಬರುತ್ತೆ, ಧೂಳಿಗೆ ಪಿಸ್ಟನ್ ರಿಂಗ್ ಸವೆದು ಹೊಗೆ ಬರುವವರೆಗೆ.

ಇಂಜಿನ್ ಆಯಿಲ್ ಹೊಸ ಮೆಷಿನಿಗೆ ಮೊದಲ 20 ಗಂಟೆಗೆ, ಆಮೇಲೆ 100 ಗಂಟೆಗೆ ಅಥವಾ 6 ತಿಂಗಳಿಗೆ, ಯಾವುದು ಮೊದಲು ಬರುತ್ತೋ ಅದಕ್ಕೆ. ಈ ಸೈಜಿನ ಇಂಜಿನ್ ಹಿಡಿಸೋದು ಸುಮಾರು ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಷ್ಟು ಕಮ್ಮಿ ಆಯಿಲಲ್ಲಿ ಫುಲ್ ರೇಸಲ್ಲಿ ಓಡುತ್ತೆ, ಅದಕ್ಕೇ ಬೇಗ ಕೆಡೋದು. ಬಿಸಿ ಇರುವಾಗ ಇಳಿಸಿದರೆ ಕಸ ಸಮೇತ ಬರುತ್ತೆ. ಮಟ್ಟ ನೋಡುವಾಗ ಮೆಷಿನ್ ಸಮತಟ್ಟು ಜಾಗದಲ್ಲಿರಲಿ. ಪ್ಲಗ್ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, 0.7 ರಿಂದ 0.8 ಮಿಲಿಮೀಟರ್.

ಗದ್ದೆ_ಬದು:
ಬೈಕಿನ 20ಡಬ್ಲ್ಯು-40 ಇಂಜಿನ್ ಆಯಿಲ್ ಉಳಿದಿದ್ದು ಹಾಕಿದರೆ ಏನಾಗುತ್ತೆ? ನಮ್ಮೂರಲ್ಲಿ ಎಲ್ಲರೂ ಅದನ್ನೇ ಹಾಕೋದು, ಓಡ್ತಾ ಇವೆ.

ಸ್ಪ್ಯಾನರ್_ಭಟ್ರು:
ಸೆಖೆ ಜಾಗದಲ್ಲಿ ಓಡುತ್ತೆ, ಇಲ್ಲ ಅನ್ನಲ್ಲ. ಆದರೆ ಪುಸ್ತಕದಲ್ಲಿ 10ಡಬ್ಲ್ಯು-30 ಅಂತಿದ್ದರೆ ಅದನ್ನೇ ಹಾಕಿ, ಇಂಜಿನ್ ಬೆಲೆ ಮುಂದೆ ಒಂದು ಡಬ್ಬಿ ಆಯಿಲ್ ಯಾವ ಲೆಕ್ಕ. ಗೇರ್ ಬಾಕ್ಸಿಗೆ ಮಾತ್ರ ಸಿಕ್ಕಿದ ಆಯಿಲ್ ಸುರಿಯಬೇಡಿ, ಅಲ್ಲಿ ಪುಸ್ತಕ ಹೇಳಿದ ಆಯಿಲೇ.

ಇನ್ನೊಂದು. ತೊಳೆಯುವಾಗ, ಬ್ಲೇಡ್ ಬಿಚ್ಚುವಾಗ ಏರ್ ಫಿಲ್ಟರ್ ಕೆಳಗಾಗುವಂತೆ ಮೆಷಿನ್ ಮಲಗಿಸಬೇಡಿ, ಆಯಿಲೆಲ್ಲ ಅಲ್ಲಿಗೆ ಹೋಗುತ್ತೆ. ಬ್ಲೇಡಿಗೆ ಕೈ ಹಾಕುವ ಮೊದಲು ಪ್ಲಗ್ ಕ್ಯಾಪ್ ಕಿತ್ತಿಡಿ, ಇದರಲ್ಲಿ ಉದಾಸೀನ ಬೇಡ.

ತೀರ್ಥಹಳ್ಳಿ_ತೋಟ:
ಭಟ್ರೇ, ಬೌಲ್ ಬಿಚ್ಚಿದೆ. ತಳದಲ್ಲಿ ನೀರಿನ ಗುಂಡು ಗುಂಡು ಹನಿ ಉರುಳಾಡ್ತಾ ಇತ್ತು, ಬದಿಗೆ ಕಂದು ಬಣ್ಣದ ಅಂಟು. ಜೆಟ್ಟಿನ ಆಚೆ ಬೆಳಕೇ ಇಲ್ಲ. ಸ್ಪ್ರೇ ಹೊಡೆದು, ತಾಮ್ರದ ಎಳೆ ಆಡಿಸಿ, ಹೊಸ ಪೆಟ್ರೋಲ್ ಹಾಕಿದ ಮೇಲೆ ಎರಡನೇ ಎಳೆತಕ್ಕೇ ಹಿಡೀತು, ಚೋಕ್ ತೆಗೆದರೂ ಗಟ್ಟಿಯಾಗಿ ನಿಂತಿದೆ. ಬಹಳ ಉಪಕಾರ ಆಯ್ತು.

ಅದೇ ಖುಷಿಯಲ್ಲಿ ಗೇರ್ ಆಯಿಲೂ ನೋಡೋಣ ಅಂತ ಬಿಚ್ಚಿದರೆ ಮಜ್ಜಿಗೆ ತರ ಬೆಳ್ಳಗಿದೆ. ಬ್ಲೇಡ್ ತಿರುಗುವ ಶಾಫ್ಟಿಗೆ ಹುಲ್ಲು, ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಸ್ಪ್ಯಾನರ್_ಭಟ್ರು:
ಇದೆ. ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ. ದಾರ ಸುತ್ತಿ ಸುತ್ತಿ ಒಳಗೆ ನುಗ್ಗಿ, ಶಾಫ್ಟ್ ಸುತ್ತ ಆಯಿಲ್ ಸೋರದಂತೆ ತಡೆಯೋ ರಬ್ಬರ್ ಸೀಲಿನ ತುಟಿ ಕೊಯ್ದಿರುತ್ತೆ, ಕೆಸರು ನೀರು ಅಲ್ಲಿಂದಲೇ ಒಳಗೆ. ಬರೀ ಆಯಿಲ್ ಬದಲಾಯಿಸಿದರೆ ಮತ್ತೆ ಬೆಳ್ಳಗಾಗುತ್ತೆ. ಎರಡೂ ಕಡೆಯ ಸೀಲ್ ಹಾಕಿಸಿ. ಹಳೇದನ್ನು ಅಂಗಡಿಗೆ ಒಯ್ದರೆ ಅದರ ಮೇಲಿನ ನಂಬರ್ ನೋಡಿ ಕೊಡ್ತಾರೆ. ಶಾಫ್ಟಲ್ಲಿ ಸೀಲ್ ಕೂರುವ ಜಾಗ ಗೀರಿದ್ದರೆ ಮಾತ್ರ ಮೆಕ್ಯಾನಿಕ್ಕಿಗೆ ಬಿಡಿ. ಬ್ಲೇಡ್ ವಾಪಸ್ ಹಾಕುವಾಗ ಎಡ ಬಲ ಅದಲು ಬದಲಾಗದಿರಲಿ, ಚೂಪು ಬಾಯಿ ತಿರುಗುವ ದಿಕ್ಕಿಗೇ ಇರಬೇಕು, ಇಲ್ಲಾಂದ್ರೆ ಮಣ್ಣು ಕೊಯ್ಯೋ ಬದಲು ಕುಣಿಯುತ್ತೆ.

ಮುಂದಿನ ಮಳೆಗೆ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬೌಲಿನ ಡ್ರೈನ್ ಬೋಲ್ಟ್ ಸಡಿಲಿಸಿ ಉಳಿದದ್ದೂ ಇಳಿಸಿ. ಆಮೇಲೆ ಹಗ್ಗ ಮೆಲ್ಲಗೆ ಎಳೆದು ಗಟ್ಟಿ ಸಿಕ್ಕ ಕಡೆ ಬಿಟ್ಟುಬಿಡಿ, ವಾಲ್ವ್ ಮುಚ್ಚಿಕೊಂಡು ತೇವ ಒಳಗೆ ಹೋಗಲ್ಲ. ಕೊಟ್ಟಿಗೆ ಬೇಡ, ಗಂಜಲದ ಹಬೆಗೆ ತುಕ್ಕು ಬೇಗ ಹಿಡಿಯುತ್ತೆ.

ಕೋಲಾರ_ಟೊಮೆಟೊ:
ದಾರದ ವಿಷಯ ನಮಗೂ ಇದೆ, ಟೊಮೆಟೊ ಕಟ್ಟಿದ ಸುತಲಿ. ಸಂಜೆ ಮೆಷಿನ್ ಒಳಗಿಡುವ ಮುಂಚೆ ಕುಡುಗೋಲಿನ ತುದಿಯಲ್ಲಿ ಕೊಯ್ದು ತೆಗೆದರೆ ಎರಡು ನಿಮಿಷದ ಕೆಲಸ, ಬೆಳಗ್ಗೆಗೆ ಬಿಟ್ಟರೆ ಮಣ್ಣು ಒಣಗಿ ಕಲ್ಲಾಗಿರುತ್ತೆ.