‘ಶುಗರ್ ಪ್ಲಮ್’ಗೆ ಕುಸುರೆಳ್ಳು ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

‘ಎ ವಿಸಿಟ್ ಫ್ರಮ್ ಸೇಂಟ್ ನಿಕೊಲಸ್’ ಎಂಬ ಇಂಗ್ಲಿಷ್ ಕ್ರಿಸ್‌ಮಸ್ ಪದ್ಯವನ್ನು ಮಕ್ಕಳಿಗೆ ಓದಿ ಹೇಳಲೆಂದು ಕನ್ನಡಕ್ಕೆ ತರುತ್ತಿದ್ದೇನೆ. ಅದರ ಮೊದಲ ಮಾತು ‘ಟ್ವಾಸ್ ದ ನೈಟ್ ಬಿಫೋರ್ ಕ್ರಿಸ್‌ಮಸ್’ ಅಂದರೆ ಬೇಗ ಗುರುತು ಸಿಗುತ್ತದೆ. ಶುರುವಿನಲ್ಲೇ ಒಂದು ಸಾಲಿದೆ. ಮಕ್ಕಳು ಬೆಚ್ಚಗೆ ಮಲಗಿದ್ದಾರೆ, ಅವರ ತಲೆಯೊಳಗೆ ‘ಶುಗರ್ ಪ್ಲಮ್’ಗಳು ಕುಣಿಯುತ್ತಿವೆ. ಅಲ್ಲೇ ನಿಂತಿದ್ದೇನೆ.

ಹೆಸರಲ್ಲಿ ಪ್ಲಮ್ ಇದ್ದರೂ ಇದು ಹಣ್ಣಲ್ಲ, ಉಂಡೆಯಾಕಾರದ ಸಣ್ಣ ಸಕ್ಕರೆ ಮಿಠಾಯಿ. ಹಳೆಯ ಕಾಲದಲ್ಲಿ ಸೋಂಪಿನಂಥ ಕಾಳನ್ನೋ ಬಾದಾಮಿಯನ್ನೋ ಒಳಗಿಟ್ಟು ಸಕ್ಕರೆ ಪಾಕ ಹತ್ತಿಸುತ್ತಿದ್ದರು. ಅಗಲ ಬಾಣಲೆ, ಸಣ್ಣ ಉರಿ. ಒಂದಿಷ್ಟು ಪಾಕ ಹಾಕಿ ಆಡಿಸಬೇಕು, ಆರಿದ ಮೇಲೆ ಮತ್ತೊಂದಿಷ್ಟು. ಹೀಗೆ ಪದರದ ಮೇಲೆ ಪದರ. ಉತ್ತರ ಕರ್ನಾಟಕದವರಿಗೆ ಇಷ್ಟು ಹೇಳಿದರೆ ಸಾಕು, ಸಂಕ್ರಾಂತಿಯ ಕುಸುರೆಳ್ಳು ಕಣ್ಣ ಮುಂದೆ ಬರುತ್ತದೆ ಅಲ್ವಾ? ಎಳ್ಳಿನ ಸುತ್ತ ಬಿಳಿ ಮುಳ್ಳು ಏಳುವ ತನಕ ಕೂತು ಕೈಯಾಡಿಸುವ ಅದೇ ಕೆಲಸ. ಹಳೇ ಮೈಸೂರಿನ ಕಡೆ ಎಳ್ಳು ಬೀರುವಾಗ ಸೇರಿಸುವ ಬಣ್ಣಬಣ್ಣದ ಜೀರಿಗೆ ಪೆಪ್ಪರಮೆಂಟೂ ಇದೇ ಜಾತಿಯದು. ಹಾಗಾಗಿ ನನ್ನ ಮುಂದೆ ಎರಡು ಪದಗಳಿವೆ. ‘ಸಕ್ಕರೆ ಪ್ಲಮ್’ ಅಂತ ಸುಮ್ನೆ ಬರೆದುಬಿಡಲು ಮನಸ್ಸಿಲ್ಲ. ಅದನ್ನು ಓದಿದ ಮಗುವಿನ ಬಾಯಲ್ಲಿ ನೀರೂರುವುದಿಲ್ಲ.

ನನ್ನ ಒಲವು ಕುಸುರೆಳ್ಳಿನ ಕಡೆಗೆ. ಅದಕ್ಕೆ ಛಂದಸ್ಸೂ ಒಂದು ಕಾರಣ. ಈ ಪದ್ಯದ ನಡಿಗೆ ಎರಡು ಹಗುರ ಅಕ್ಷರ (ಲಘು), ಒಂದು ಭಾರದ್ದು (ಗುರು). ಸಾಲಿಗೆ ಅಂಥವು ನಾಲ್ಕು. ನಮ್ಮ ಲೆಕ್ಕದಲ್ಲಿ ಇದು ಸಗಣ, ನಾಲ್ಕು ಸಗಣ ಸೇರಿದರೆ ತೋಟಕ ವೃತ್ತ! ಇಂಗ್ಲಿಷಿನಲ್ಲಿ ಒತ್ತು, ನಮ್ಮಲ್ಲಿ ಮಾತ್ರೆ, ಅಷ್ಟೇ ವ್ಯತ್ಯಾಸ. ಶಂಕರಾಚಾರ್ಯರ ಸ್ತುತಿ ತೋಟಕಾಷ್ಟಕ ಕೇಳಿದವರು ಇಂಗ್ಲಿಷ್ ಪದ್ಯದ ಮೊದಲ ಸಾಲನ್ನು ಆ ಧಾಟಿಯಲ್ಲಿ ಹೇಳಿ ನೋಡಿ, ಸಲೀಸಾಗಿ ಕೂರುತ್ತದೆ. 1823ರ ಡಿಸೆಂಬರ್ 23ರಂದು ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ‘ಸೆಂಟಿನೆಲ್’ ಪತ್ರಿಕೆಯಲ್ಲಿ ಕವಿಯ ಹೆಸರೇ ಇಲ್ಲದೆ ಅಚ್ಚಾದ 56 ಸಾಲು ಇವತ್ತಿಗೂ ಬಾಯಿಪಾಠವಾಗಿ ಉಳಿದಿದ್ದರೆ, ಅದರಲ್ಲಿ ಈ ಕುದುರೆ ಓಟದ ಪಾಲೇ ಜಾಸ್ತಿ ಅನ್ನುತ್ತೇನೆ. ‘ಕುಸುರೆಳ್’ ಅನ್ನಿ, ಒಂದು ಸಗಣ ತಾನಾಗಿ ಬಂತು. ‘ಜೀರಿಗೆ’ ಗುರುವಿನಿಂದಲೇ ಶುರುವಾಗುತ್ತದೆ, ಒಗ್ಗುವುದಿಲ್ಲ.

ಕವಿ ಕ್ಲೆಮೆಂಟ್ ಕ್ಲಾರ್ಕ್ ಮೂರ್ ಎಂದೇ ವಾಡಿಕೆ. ಅವರು 1844ರಲ್ಲಿ ಇದನ್ನು ತಮ್ಮ ಸಂಕಲನಕ್ಕೆ ಸೇರಿಸಿಕೊಂಡರು. ಹೆನ್ರಿ ಲಿವಿಂಗ್‌ಸ್ಟನ್ ಅನ್ನುವವರ ವಂಶದವರು ಇದು ತಮ್ಮ ಹಿರಿಯರದು ಎನ್ನುತ್ತಾರೆ. ಆ ಜಗಳ ಇಲ್ಲಿ ಬೇಡ.

ಇನ್ನೊಂದು ಪ್ರಶ್ನೆ ಇದೆ. ಸಾಂಟಾ ಕ್ಲಾಸ್‌ನ ಬಂಡಿ ಎಳೆಯುವ ಎಂಟು ಹಿಮಸಾರಂಗಗಳ ಹೆಸರು ಬಂದದ್ದು ಈ ಪದ್ಯದಿಂದಲೇ. ಕೊನೆಯ ಎರಡು 1823ರಲ್ಲಿ ‘ಡಂಡರ್, ಬ್ಲಿಕ್ಸೆಮ್’ ಎಂದಿದ್ದವು. ಡಚ್ ಭಾಷೆಯ ಗುಡುಗು, ಮಿಂಚು. ನ್ಯೂಯಾರ್ಕ್ ಒಂದು ಕಾಲಕ್ಕೆ ಡಚ್ಚರ ವಸಾಹತು, ಆ ಮಾತು ಅಲ್ಲಿ ಉಳಿದಿತ್ತು. ಮೂರ್ ಸಂಕಲನದ ಹೊತ್ತಿಗೆ ಅವು ‘ಡೊಂಡರ್, ಬ್ಲಿಟ್ಜೆನ್’ ಆದವು. ನಾನು ಆರು ಹೆಸರು ಹಾಗೇ ಇಟ್ಟು, ಈ ಎರಡನ್ನು ಮಾತ್ರ ‘ಗುಡುಗ, ಮಿಂಚ’ ಮಾಡಿದ್ದೇನೆ. ಮಕ್ಕಳು ಕೂಗಲು ಚೆನ್ನಾಗಿದೆ. ಆದರೆ ಒಂದೇ ಬಂಡಿಗೆ ಎರಡು ಭಾಷೆಯ ಹೆಸರು ಕಟ್ಟಿದ್ದು ನಿಮ್ಮ ಕಿವಿಗೆ ಅಡ್ಡ ಬರುತ್ತದೆಯೇ?

ಕುಸುರೆಳ್ಳಿನ ಬಗ್ಗೆ ಕರಾವಳಿ, ಮಲೆನಾಡಿನವರು ಖಂಡಿತ ಬರೆಯಿರಿ. ನಿಮ್ಮ ಮನೆಗಳಲ್ಲಿ ಈ ಪದ ಗೊತ್ತೇ? ಇಲ್ಲವಾದರೆ ಕಾಳಿಗೆ ಸಕ್ಕರೆ ಹತ್ತಿಸಿದ ಮಿಠಾಯಿಗೆ ಏನನ್ನುತ್ತೀರಿ?